ಮೂರನೇ ಹೆಜ್ಜೆ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಮಗಳು ಹೈಸ್ಕೂಲು ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಈ ಸಲದ ಪಂದ್ಯವೊಂದರಲ್ಲಿ ಅವಳು ಓಡಿ ಬಂದು ಹಾಕಿದ ಬಾಸ್ಕೆಟನ್ನು ‘ಟ್ರಾವೆಲಿಂಗ್’ ಎಂದು ರೆಫ್ರಿ ರದ್ದು ಮಾಡಿದರು. ತಾನು ಹಾಕಿದ್ದು ಎರಡೇ ಹೆಜ್ಜೆ ಅಂತ ಅವಳ ಹಟ. ನಾನು ಮೊಬೈಲಿನಲ್ಲಿ ತೆಗೆದ ವಿಡಿಯೊ ನೋಡಿ ಎಣಿಸಿದರೆ ಮೂರು. ಟಿವಿಯಲ್ಲಿ ನೋಡಿದರೆ ಅಮೆರಿಕದವರು ಮೂರಲ್ಲ, ನಾಲ್ಕು ಹೆಜ್ಜೆ ಹಾಕಿದರೂ ಸೀಟಿ ಇಲ್ಲ! ಅಂತರರಾಷ್ಟ್ರೀಯ ನಿಯಮ ನಿಜವಾಗಿ ಏನು? ಮನೆಯಲ್ಲಿ ವಾದ ಇನ್ನೂ ಮುಗಿದಿಲ್ಲ.
— ಓದುಗರೊಬ್ಬರು, ಬೆಳಕೆ, ಭಟ್ಕಳ ತಾಲೂಕು

ಉತ್ತರ: ನಿಮ್ಮ ಮೂರೂ ಸರಿ ಇರಬಹುದು, ಅವಳ ಎರಡೂ ಸರಿ ಇರಬಹುದು. ಜಾರಿಕೊಳ್ಳಲು ಹೇಳುತ್ತಿರುವ ಮಾತಲ್ಲ ಇದು. ನೀವಿಬ್ಬರೂ ಎಣಿಸಿದ್ದು ಅದೇ ಕಾಲುಗಳನ್ನು. ಎಣಿಕೆ ಶುರು ಮಾಡಿದ ಜಾಗ ಬೇರೆ ಬೇರೆ.

ನಿಮ್ಮ ಕಡೆ ಯಕ್ಷಗಾನ ನೋಡದ ಮನೆ ಕಡಿಮೆ. ಭಾಗವತರು ಪದ ಎತ್ತಿದ ಕ್ಷಣದಿಂದಲೇ ತಾಳದ ಲೆಕ್ಕ ಎಂದು ಹೊಸಬ ತಿಳಿದುಕೊಳ್ಳುತ್ತಾನೆ. ಪದ ತಾಳದ ನಡುವಿನಿಂದಲೂ ಏಳಬಹುದು. ಎತ್ತುಗಡೆ ಎಲ್ಲಿ ಎಂದು ಗೊತ್ತಿಲ್ಲದೆ ಬೆರಳು ಮಡಚುತ್ತ ಹೋದವನಿಗೆ ಕೊನೆಯಲ್ಲಿ ಒಂದು ಪೆಟ್ಟು ಹೆಚ್ಚಾಗಿರುತ್ತದೆ, ಇಲ್ಲವೇ ಕಡಿಮೆ. ಟ್ರಾವೆಲಿಂಗ್ ಜಗಳಗಳಲ್ಲಿ ಹತ್ತಕ್ಕೆ ಎಂಟು ಈ ಜಾತಿಯವು. ಜನ ಕಾಲು ನೋಡುತ್ತಾರೆ, ಲೆಕ್ಕವನ್ನು ಶುರು ಮಾಡುವುದು ಕೈ.

ಮೊದಲು ಹಿಂದಿನ ಕತೆ ಸ್ವಲ್ಪ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಮಾಸ್ತರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಿಸಲು ಒಂದು ಆಟ ಹುಡುಕುತ್ತಿದ್ದರು. ರಗ್ಬಿಯಂಥ ಆಟವನ್ನು ಮರದ ನೆಲದ ಮೇಲೆ ಆಡಿಸಿದರೆ ಹುಡುಗರ ಕೈಕಾಲು ಉಳಿಯುವುದಿಲ್ಲ. ಅವರನ್ನು ಕೆಡವಿ ಹಾಕುವುದೇಕೆ? ಚೆಂಡು ಹಿಡಿದು ಓಡುತ್ತಾರೆ, ಅದಕ್ಕೆ. ಹಾಗಾದರೆ ಚೆಂಡು ಹಿಡಿದು ಓಡುವುದನ್ನೇ ನಿಲ್ಲಿಸಿಬಿಟ್ಟರೆ? ಮಾಸ್ತರರ ತಲೆಗೆ ಹೊಳೆದದ್ದು ಇಷ್ಟೇ, ಉಳಿದ ಆಟ ಅದರ ಬೆನ್ನಿಗೆ ಬಂತು. ಅವರು ಬರೆದ ಹದಿಮೂರು ನಿಯಮಗಳಲ್ಲಿ ಮೂರನೆಯದು ಇದು: ಚೆಂಡು ಹಿಡಿದು ಓಡಕೂಡದು, ಹಿಡಿದಲ್ಲಿಂದಲೇ ಎಸೆಯಬೇಕು. ಅದಕ್ಕೊಂದು ಬಾಲವೂ ಇತ್ತು: ಜೋರಾಗಿ ಓಡುತ್ತಿರುವಾಗ ಚೆಂಡು ಸಿಕ್ಕಿದವನಿಗೆ ನಿಲ್ಲಲು ಪ್ರಯತ್ನ ಪಡುತ್ತಿದ್ದರೆ ಸ್ವಲ್ಪ ವಿನಾಯಿತಿ.

ಈ ‘ಸ್ವಲ್ಪ’ ಎಂದರೆ ಎಷ್ಟು? ನೂರ ಮೂವತ್ತು ವರ್ಷಗಳಿಂದ ವಾದ ನಡೆಯುತ್ತಿರುವುದು ಅದರ ಮೇಲೆಯೇ. ಆಗ ಚೆಂಡು ಪುಟಿಸಿಕೊಂಡು ಹೋಗುವ ಡ್ರಿಬಲ್ ಕೂಡ ಇರಲಿಲ್ಲ. ಅದು ಆಮೇಲೆ ಆಟಗಾರರೇ ಹುಡುಕಿಕೊಂಡ ಉಪಾಯ.

ಈಗ ಫಿಬಾ, ಅಂದರೆ 1932ರಲ್ಲಿ ಜಿನೀವಾದಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ, ಏನು ಹೇಳುತ್ತದೆ ನೋಡೋಣ. ನಮ್ಮ ದೇಶದ ಪಂದ್ಯಗಳಿಗೂ ಅದರ ಪುಸ್ತಕವೇ ಆಧಾರ. ಓಡುತ್ತ ಚೆಂಡು ಹಿಡಿದವರಿಗೆ, ಅಥವಾ ಡ್ರಿಬಲ್ ಮುಗಿಸಿ ಚೆಂಡು ಎತ್ತಿಕೊಂಡವರಿಗೆ, ನಿಲ್ಲಲು, ಪಾಸ್ ಕೊಡಲು ಇಲ್ಲವೇ ಬಾಸ್ಕೆಟಿಗೆ ಎಸೆಯಲು ಎರಡು ಹೆಜ್ಜೆ ಉಂಟು. ಚೆಂಡು ಹಿಡಿತಕ್ಕೆ ಬಂದ *ನಂತರ* ನೆಲ ಮುಟ್ಟುವ ಕಾಲು ಮೊದಲ ಹೆಜ್ಜೆ. ಚೆಂಡು ಹಿಡಿತಕ್ಕೆ ಬರುವ ಹೊತ್ತಿಗೆ ಆಗಲೇ ನೆಲದಲ್ಲಿ ಊರಿರುವ ಕಾಲು ಲೆಕ್ಕಕ್ಕಿಲ್ಲ. ಇದಕ್ಕೆ ಆಟದವರು ಇಟ್ಟ ಹೆಸರು ಜೀರೋ ಸ್ಟೆಪ್. ಸೊನ್ನೆ, ಒಂದು, ಎರಡು.

ನಿಮ್ಮ ಮಗಳ ಲೇಅಪ್ಪನ್ನೇ, ಅಂದರೆ ಓಡಿ ಬಂದು ಹಾರಿ ಹಾಕಿದ ಆ ಎಸೆತವನ್ನೇ, ನಿಧಾನಕ್ಕೆ ಓಡಿಸಿ ನೋಡೋಣ. ಅವಳು ಬಲಗೈಯವಳು ಎಂದುಕೊಳ್ಳುತ್ತೇನೆ. ಕೊನೆಯ ಸಲ ಚೆಂಡು ಪುಟಿದು ಮೇಲೆ ಬಂತು, ಅಂಗೈಗೆ ತಾಗಿತು, ಎಡಗೈಯೂ ಬಂದು ಮುಚ್ಚಿತು. ಡ್ರಿಬಲ್ ಸತ್ತದ್ದು ಇಲ್ಲಿ. ಆ ಕ್ಷಣಕ್ಕೆ ಎಡಗಾಲು ನೆಲದ ಮೇಲಿತ್ತು ಅನ್ನಿ. ಅದು ಸೊನ್ನೆ. ಆಮೇಲೆ ಬಲಗಾಲು: ಒಂದು. ಎಡಗಾಲು: ಎರಡು. ಹಾರಿದಳು, ಎಸೆದಳು, ಬಾಸ್ಕೆಟ್. ಗೋಡೆಯ ಮೇಲೆ ಕೂತವರ ಕಣ್ಣಿಗೆ ಎಡ, ಬಲ, ಎಡ. ಮೂರು. ‘ಸ್ಟೆಪ್ಸ್ ಸಾರ್, ಸ್ಟೆಪ್ಸ್!’ ಎಂದು ಎದುರು ತಂಡದವರು ಕೂಗಿಯೇ ಕೂಗುತ್ತಾರೆ. ರೆಫ್ರಿ ಸುಮ್ಮನಿರಬೇಕು, ಏಕೆಂದರೆ ಇದು ಸಕ್ರಮ.

ಈಗ ಇದರಲ್ಲಿ ಒಂದೇ ಒಂದು ಚೂರು ಬದಲಿಸಿ. ಎರಡೂ ಕೈ ಚೆಂಡು ಮುಚ್ಚಿದಾಗ ಎಡಗಾಲು ಇನ್ನೂ ಗಾಳಿಯಲ್ಲಿತ್ತು, ನೆಲಕ್ಕೆ ನಾಲ್ಕು ಬೆರಳು ಮೇಲೆ. ಆಗ ಕೆಳಗಿಳಿದ ಎಡಗಾಲು ಒಂದು, ಬಲಗಾಲು ಎರಡು, ಮತ್ತೆ ಎಡಗಾಲು ಊರಿ ಹಾರಿದರೆ ಮೂರು. ಟ್ರಾವೆಲಿಂಗ್. ಬಾಸ್ಕೆಟ್ ಬಿದ್ದರೂ ಅಂಕವಿಲ್ಲ. ಚೆಂಡು ಎದುರು ತಂಡದ್ದು, ಹತ್ತಿರದ ಗೆರೆಯ ಹೊರಗಿಂದ ಒಳಗೆಸೆಯಲಿಕ್ಕೆ. ಎರಡೂ ಸಲ ಕಾಲುಗಳ ಸಾಲು ಒಂದೇ, ವೇಗ ಒಂದೇ. ನಡುವಿನ ವ್ಯತ್ಯಾಸ ಆ ನಾಲ್ಕು ಬೆರಳು.

ಜೀರೋ ಸ್ಟೆಪ್ ಹಳೆಯ ನಿಯಮವಲ್ಲ. ಫಿಬಾ ಅದನ್ನು ಜಾರಿಗೆ ತಂದದ್ದು 2017ರ ಅಕ್ಟೋಬರ್ 1ರಂದು. ಅದಕ್ಕೆ ಮುಂಚೆ ಚೆಂಡು ಸಿಕ್ಕಾಗ ನೆಲದಲ್ಲಿದ್ದ ಕಾಲೇ ಪಿವೊಟ್ ಕಾಲು, ಅಂದರೆ ಊರುಗಾಲು. ಅದನ್ನೆತ್ತಿ ಮತ್ತೆ ಊರುವುದರೊಳಗೆ ಚೆಂಡು ಕೈಬಿಟ್ಟಿರಬೇಕಿತ್ತು. ನಾವೆಲ್ಲ ಕಲಿತದ್ದು ಅದೇ.

ಈ ಬದಲಾವಣೆ ನಮ್ಮ ರಾಜ್ಯದ ಒಂದೇ ಅಂಕಣದ ಮೇಲೆ ಹಾದುಹೋಗಿದೆ. ಏಷ್ಯಾ ಕಪ್ ಮಹಿಳಾ ಪಂದ್ಯಾವಳಿ 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ‘ಬಿ’ ವಿಭಾಗದ ಫೈನಲಿನಲ್ಲಿ ನಮ್ಮ ಹುಡುಗಿಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿದರು. ‘ಎ’ ವಿಭಾಗದಲ್ಲಿ ಜಪಾನ್ ಆಸ್ಟ್ರೇಲಿಯಾವನ್ನು ಹಣಿದದ್ದು 74–73ರಿಂದ, ಒಂದೇ ಅಂಕ. ಎರಡು ವರ್ಷ ಬಿಟ್ಟು 2019ರ ಸೆಪ್ಟೆಂಬರಿನಲ್ಲಿ ಅದೇ ಕಂಠೀರವಕ್ಕೆ ಪಂದ್ಯಾವಳಿ ಮತ್ತೆ ಬಂತು. ಫೈನಲಿನಲ್ಲಿ ಜಪಾನ್ ಚೀನಾವನ್ನು ಮಣಿಸಿತು, 71–68. ಮೊದಲ ಸಲ ಹಳೆಯ ನಿಯಮ, ಎರಡನೇ ಸಲ ಹೊಸದು. 2017ರಲ್ಲಿ ಸೀಟಿ ಊದಿಸಿಕೊಳ್ಳಬೇಕಾಗಿದ್ದ ಎಡ-ಬಲ-ಎಡ, 2019ರಲ್ಲಿ ಅದೇ ಮರದ ನೆಲದ ಮೇಲೆ ಸರಿಯಾದ ಲೇಅಪ್. ಆ ಅಂಕಗಳನ್ನು ಇನ್ನೊಮ್ಮೆ ನೋಡಿ: ಎರಡು, ಒಂದು, ಮೂರು. ಮೂರು ಫೈನಲ್‌ಗಳ ಅಂತರವೂ ಒಂದು ಬಾಸ್ಕೆಟಿನೊಳಗೆ. ಒಂದು ಟ್ರಾವೆಲಿಂಗ್ ಎಂದರೆ ಚೆಂಡು ಒಮ್ಮೆ ಕೈತಪ್ಪಿತು ಎಂದು ಅರ್ಥ. ‘ಒಂದು ಹೆಜ್ಜೆಗೆ ಇಷ್ಟು ಗಲಾಟೆ ಯಾಕೆ’ ಎಂದು ನಿಮ್ಮ ಮನೆಯವರು ಕೇಳಿದರೆ ಈ ಲೆಕ್ಕ ತೋರಿಸಿ.

ಇಲ್ಲೊಂದು ತಪ್ಪೊಪ್ಪಿಗೆ. ಶಾಲಾ ಕಾಲೇಜು ಪಂದ್ಯಗಳಲ್ಲಿ ಸೀಟಿ ಹಿಡಿದವನು ನಾನು. ಹೊಸ ನಿಯಮ ಓದಿದ್ದೆ, ಬೇರೆಯವರಿಗೆ ವಿವರಿಸಿಯೂ ಇದ್ದೆ. ಆದರೂ ಕರಾವಳಿಯ ಒಂದು ಅಂಕಣದಲ್ಲಿ ಹುಡುಗಿಯೊಬ್ಬಳು ಹೀಗೇ ಎಡ-ಬಲ-ಎಡ ಹಾಕಿ ಚೆಂಡನ್ನು ಬಲೆಗೆ ಇಳಿಸಿದಾಗ ನನ್ನ ಬಾಯಿ ತಾನಾಗಿ ಊದಿತು. ಎರಡು ಮುಷ್ಟಿ ಒಂದರ ಸುತ್ತ ಒಂದು ತಿರುಗಿಸಿ ಸನ್ನೆಯನ್ನೂ ಮಾಡಿಬಿಟ್ಟೆ. ಅವಳು ವಾದ ಮಾಡಲಿಲ್ಲ. ಚೆಂಡನ್ನು ನನ್ನ ಕೈಗೆ ಕೊಡುವಾಗ ಮೆಲ್ಲಗೆ, ‘ಸರ್, ಜೀರೋ ಸ್ಟೆಪ್ ಅಲ್ದಾ?’ ಎಂದಳು. ಅಲ್ಲಾ ಎನ್ನಲು ನನ್ನಲ್ಲಿ ಏನೂ ಇರಲಿಲ್ಲ. ಇಪ್ಪತ್ತು ವರ್ಷ ಕಣ್ಣಿಗೆ ಕಲಿಸಿದ ಎಣಿಕೆ ಒಂದು ಸುತ್ತೋಲೆ ಓದಿದ ಮಾತ್ರಕ್ಕೆ ಬಿಟ್ಟುಹೋಗುವುದಿಲ್ಲ. ನಿಮ್ಮ ಮಗಳ ಪಂದ್ಯದ ರೆಫ್ರಿಗೂ ಹೀಗೇ ಆಯಿತೆಂದು ನಾನು ಹೇಳಲಾರೆ. ಆಟ ನಾನು ನೋಡಿಲ್ಲ. ಆದರೆ ಇಂಥದ್ದು ಆಗುತ್ತದೆ.

ಇನ್ನು ಟಿವಿಯ ಅಮೆರಿಕದವರು. ಅವರ ವೃತ್ತಿಪರ ಲೀಗ್ ಆದ ಎನ್‌ಬಿಎಯ ಪ್ರಪಂಚ ಬೇರೆ, ಅದರ ಪುಸ್ತಕ ಬೇರೆ. ಎರಡು ಹೆಜ್ಜೆ ಎಂದು ಅವರು 2009ರಲ್ಲೇ ಬಾಯಿಬಿಟ್ಟು ಬರೆದುಕೊಂಡರು. ಫಿಬಾ ಎಂಟು ವರ್ಷ ತಡವಾಗಿ ಅದರ ಹತ್ತಿರಕ್ಕೆ ಬಂತು. ಹಾಗಾಗಿ ಕಾಗದದ ಮೇಲೆ ಇವತ್ತು ಎರಡಕ್ಕೂ ಜನ ಅಂದುಕೊಂಡಷ್ಟು ದೂರವಿಲ್ಲ. ದೂರ ಇರುವುದು ಸೀಟಿಯಲ್ಲಿ. ಅಲ್ಲಿ ‘ಚೆಂಡು ಹಿಡಿತಕ್ಕೆ ಬಂದ ಕ್ಷಣ’ವನ್ನು ಧಾರಾಳವಾಗಿ ಎಳೆಯುತ್ತಾರೆ: ಚೆಂಡು ಇನ್ನೂ ಕೈಯಲ್ಲಿ ಕೂರುತ್ತಿದೆ, ಕೂರುತ್ತಿದೆ, ಹಾಂ, ಈಗ ಕೂತಿತು. ಅಷ್ಟರಲ್ಲಿ ಆಟಗಾರ ಒಂದು ಹೆಜ್ಜೆ ಮುಂದೆ ಹೋಗಿರುತ್ತಾನೆ. ಕೆಲವೊಮ್ಮೆ ಅವರ ಕಣ್ಣಿಗೂ ಮಣ್ಣು ಬೀಳುತ್ತದೆ. 2018ರ ಡಿಸೆಂಬರಿನಲ್ಲಿ ಹ್ಯೂಸ್ಟನ್ ತಂಡದ ಜೇಮ್ಸ್ ಹಾರ್ಡನ್ ಯೂಟಾ ವಿರುದ್ಧ ಹಿಂದಕ್ಕೆ ಹೆಜ್ಜೆಯ ಮೇಲೆ ಹೆಜ್ಜೆ ಹಾಕಿ ಎಸೆದದ್ದು ಇಡೀ ಪ್ರಪಂಚಕ್ಕೆ ಕಂಡಿತು, ಸೀಟಿ ಕೇಳಲಿಲ್ಲ. ಅದು ಟ್ರಾವೆಲಿಂಗ್, ಊದಬೇಕಿತ್ತು ಎಂದು ಎನ್‌ಬಿಎ ಕಡೆಯವರೇ ಆಮೇಲೆ ಒಪ್ಪಿಕೊಂಡರು. ಆದ್ದರಿಂದ ‘ಟಿವಿಯಲ್ಲಿ ಊದಲಿಲ್ಲ’ ಎನ್ನುವುದನ್ನು ಸಾಕ್ಷಿಯಾಗಿ ತರಬೇಡಿ.

ಅಲ್ಲಿಂದ ಫಿಬಾ ಪಂದ್ಯಗಳಿಗೆ ಬಂದ ಆಟಗಾರರು ಮೊದಲು ಸಿಕ್ಕಿಬೀಳುವುದು ಇನ್ನೊಂದು ಜಾಗದಲ್ಲಿ. ನಮ್ಮ ಹೈಸ್ಕೂಲು ಮಕ್ಕಳೂ ಅಲ್ಲೇ ಬೀಳುತ್ತಾರೆ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ನಿಂತಲ್ಲೇ ಪಾಸ್ ಸಿಕ್ಕಿತು. ಎರಡೂ ಕಾಲು ನೆಲದಲ್ಲಿವೆ. ಒಂದು ಕಾಲೆತ್ತಿದ ಕ್ಷಣ ಇನ್ನೊಂದು ಊರುಗಾಲಾಯಿತು. ಅದನ್ನು ಬುಗುರಿಯ ಮೊಳೆಯ ಹಾಗೆ ಅಲ್ಲೇ ಇಟ್ಟು ಉಳಿದ ಕಾಲನ್ನು ಸುತ್ತಲೂ ಎಷ್ಟು ಬೇಕಾದರೂ ಆಡಿಸಬಹುದು. ಈಗ ಡ್ರಿಬಲ್ ಮಾಡಿಕೊಂಡು ನುಗ್ಗಬೇಕು. ಊರುಗಾಲು ಏಳುವ ಮೊದಲೇ ಚೆಂಡು ಕೈಬಿಟ್ಟಿರಬೇಕು. ನೆಲಕ್ಕೆ ತಾಗಿರಬೇಕೆಂದಿಲ್ಲ, ಕೈಯಿಂದ ಹೊರಟಿದ್ದರೆ ಸಾಕು. ಎದುರಾಳಿಯನ್ನು ದಾಟುವ ಆತುರದಲ್ಲಿ ಹಿಂದಿನ ಕಾಲು ಮೊದಲು ಕಿತ್ತುಬರುತ್ತದೆ, ಚೆಂಡು ಆಮೇಲೆ. ಇಲ್ಲಿ ಸೊನ್ನೆಯ ರಿಯಾಯಿತಿ ಇಲ್ಲ. ಅದು ಓಡುವವರಿಗೆ ಮಾತ್ರ. ಎನ್‌ಬಿಎ ಪುಸ್ತಕವೂ ಇದನ್ನೇ ಹೇಳುತ್ತದೆ, ಅಲ್ಲಿ ಊದುವುದು ಅಪರೂಪ, ಅಷ್ಟೇ. ಫಿಬಾ ರೆಫ್ರಿ ಊದುತ್ತಾರೆ, ಅಲ್ಲಿಂದ ಬಂದ ದೊಡ್ಡ ಆಟಗಾರ ‘ನಾನೇನು ಮಾಡಿದೆ’ ಎಂದು ಕೈ ಅಗಲಿಸಿ ನಿಲ್ಲುತ್ತಾನೆ.

ಗೋಡೆಯ ಮೇಲೆ ಕೂತು ಕೂಗುವವರಿಗೆ ಗೊತ್ತಿರದ ಕೆಲವು ಸಂಗತಿ ಬೇಗ ಹೇಳಿಬಿಡುತ್ತೇನೆ. ಊರುಗಾಲು ಎತ್ತಿದ್ದೇ ತಪ್ಪಲ್ಲ. ಎತ್ತಿ ಹಾರಬಹುದು, ಪಾಸ್ ಕೊಡಬಹುದು, ಎಸೆಯಬಹುದು. ಚೆಂಡು ಕೈಬಿಡುವ ಮುಂಚೆ ಕಾಲು ಮತ್ತೆ ನೆಲಕ್ಕೆ ಬರಬಾರದು. ಹೆಜ್ಜೆ ಯಾವ ದಿಕ್ಕಿಗೆ ಎಂಬುದೂ ಮುಖ್ಯವಲ್ಲ. ಎನ್‌ಬಿಎ ಆಟಗಾರ ಮನು ಜಿನೋಬಿಲಿ ಹೆಸರು ಮಾಡಿದ ಯೂರೋಸ್ಟೆಪ್‌ನಲ್ಲಿ ಒಂದು ಹೆಜ್ಜೆ ಆಗುಂಬೆ ಕಡೆಗೆ, ಇನ್ನೊಂದು ಮುರ್ಡೇಶ್ವರದ ಕಡೆಗೆ, ಆದರೂ ಎರಡೇ. ಆದರೆ ಅದೇ ಕಾಲನ್ನು ಬೆನ್ನು ಬೆನ್ನಿಗೆ ಎರಡು ಸಲ ಊರುವಂತಿಲ್ಲ. ಎಡ-ಎಡ ಎಂದು ಕುಂಟಿದರೆ, ಎಣಿಕೆಯಲ್ಲಿ ಎರಡೇ ಆದರೂ, ತಪ್ಪು. ಕುಂಟಾಬಿಲ್ಲೆಯಲ್ಲಿ ಕುಂಟದಿದ್ದರೆ ಔಟು, ಇಲ್ಲಿ ಕುಂಟಿದರೆ ಔಟು.

ಬಿದ್ದಾಗಿನ ನಿಯಮ ನಿಮ್ಮ ಕಡೆಯ ಮಕ್ಕಳಿಗೆ ವಿಶೇಷವಾಗಿ ಬೇಕಾದದ್ದು. ಶಾಲಾ ಪಂದ್ಯಗಳು ಬರುವುದು ಆಗಸ್ಟ್–ಸೆಪ್ಟೆಂಬರಿನಲ್ಲಿ, ಕರಾವಳಿಯ ಸಿಮೆಂಟು ಅಂಕಣದ ಮೂಲೆಗಳಲ್ಲಿ ಮಳೆಗಾಲದ ಹಾವಸೆ ಇನ್ನೂ ಹಸಿರಾಗಿರುವ ಕಾಲ. ಚೆಂಡು ಹಿಡಿದುಕೊಂಡೇ ಜಾರಿ ಬಿದ್ದು ಸರಿದುಕೊಂಡು ಹೋದರೆ ಟ್ರಾವೆಲಿಂಗ್ ಅಲ್ಲ. ಬಿದ್ದುಕೊಂಡಿರುವಾಗ ಚೆಂಡು ಸಿಕ್ಕಿದರೂ ಅಲ್ಲ. ಆದರೆ ಚೆಂಡು ಅಪ್ಪಿಕೊಂಡು ಹೊರಳಿದರೆ, ಅಥವಾ ಏಳಲು ಹೋದರೆ, ಸೀಟಿ. ಮಗಳಿಗೆ ಹೇಳಿ: ಬಿದ್ದರೆ ಮೊದಲು ಪಾಸು, ಆಮೇಲೆ ಏಳುವುದು.

ಮಳೆಯ ಮಾತು ಬಂದಾಗ ನೆನಪಾಗುವುದು ಬರ್ಲಿನ್. ಪುರುಷರ ಬಾಸ್ಕೆಟ್‌ಬಾಲ್ ಒಲಿಂಪಿಕ್ಸಿನ ಪದಕದ ಆಟವಾದದ್ದು 1936ರಲ್ಲಿ ಅಲ್ಲಿ. ಬಯಲಿನ ಮಣ್ಣಿನ ಅಂಕಣ, ಫೈನಲಿನ ದಿನ ಧೋ ಎಂದು ಮಳೆ. ಕೆಸರಿನಲ್ಲಿ ಚೆಂಡು ಪುಟಿಯಲೇ ಇಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿದ್ದು 19–8ರಿಂದ. ಈಗಿನ ತಂಡಗಳು ಕಾಲು ಗಂಟೆಯೊಳಗೆ ಅಷ್ಟು ಅಂಕ ಮಾಡುತ್ತವೆ. ಆ ಒಲಿಂಪಿಕ್ಸಿಗೆ ನೈಸ್ಮಿತ್ ಮಾಸ್ತರರೂ ಬಂದಿದ್ದರು. ಡ್ರಿಬಲ್ ಮಾಡಲಾಗದೆ, ಹಿಡಿದಲ್ಲಿಂದಲೇ ಎಸೆಯುವ ತಮ್ಮ ಮೂಲ ಆಟ ನಲವತ್ತೈದು ವರ್ಷದ ಮೇಲೆ ಮಳೆಯ ದೆಸೆಯಿಂದ ವಾಪಸು ಬಂದದ್ದು ಅವರಿಗೆ ಏನನ್ನಿಸಿತೋ.

ರೆಫ್ರಿಯ ಜಾಗದಲ್ಲಿ ನಿಂತು ನೋಡಿದರೆ ಕಷ್ಟ ಏನೆಂದು ಗೊತ್ತಾಗುತ್ತದೆ. ಕೈಯನ್ನೂ ಕಾಲನ್ನೂ ಒಟ್ಟಿಗೆ ನೋಡಬೇಕು, ನಡುವೆ ಒಂದು ದೇಹದಷ್ಟು ಅಂತರ. ಬೆನ್ನ ಹಿಂದೆ ನಿಂತಿದ್ದರೆ ಕೈ ಕಾಣುವುದೇ ಇಲ್ಲ. ದೊಡ್ಡ ಪಂದ್ಯಗಳಲ್ಲಿ ಮೂವರು ರೆಫ್ರಿ, ಒಬ್ಬರಿಗೆ ಮರೆಯಾದದ್ದು ಇನ್ನೊಬ್ಬರಿಗೆ ಕಾಣುತ್ತದೆ. ನಮ್ಮ ತಾಲೂಕು ಪಂದ್ಯಗಳಲ್ಲಿ ಇಬ್ಬರು, ಅವರಲ್ಲೊಬ್ಬರು ಬೆಳಿಗ್ಗೆಯಿಂದ ಖೋಖೋ ಆಡಿಸಿ ಬಂದ ಪಿಟಿ ಮಾಸ್ತರೋ ಅಕ್ಕೋರೋ ಆಗಿರುತ್ತಾರೆ. ಅನುಭವಸ್ಥರು ಹೇಳಿಕೊಡುವುದು ಇದು: ಆಟಗಾರನಿಗೆ ಚೆಂಡು ಸಿಕ್ಕ ತಕ್ಷಣ ಊರುಗಾಲು ಯಾವುದೆಂದು ಗುರುತು ಹಿಡಿ, ಕಂಡದ್ದನ್ನು ಮಾತ್ರ ಊದು, ಊಹೆಗೆ ಊದಬೇಡ. ವಿಕಾರವಾಗಿ ಕಂಡಿತು ಎಂಬ ಕಾರಣಕ್ಕೆ ಊದಿದ ಸೀಟಿಗಳಲ್ಲಿ ಬಹಳಷ್ಟು ತಪ್ಪು ಸೀಟಿಗಳು. ವಿಡಿಯೊ ಮರುನೋಟದ ಸೌಲಭ್ಯ ಇರುವ ಅಂತರರಾಷ್ಟ್ರೀಯ ಪಂದ್ಯಗಳಲ್ಲೂ ಮರುನೋಟ ಮಾಡಬಹುದಾದ ಸಂಗತಿಗಳ ಪಟ್ಟಿಯಲ್ಲಿ ಟ್ರಾವೆಲಿಂಗ್ ಇಲ್ಲ. ಚೆಂಡು ಎರಡು ಅಂಕದ ಜಾಗದಿಂದ ಹೊರಟಿತೋ ಮೂರರದಿಂದಲೋ ಎಂದು ಪರದೆ ನೋಡಿ ತೀರ್ಮಾನಿಸಬಹುದು. ಹೆಜ್ಜೆ ಎಷ್ಟು ಎಂದು ನೋಡುವಂತಿಲ್ಲ.

ನನ್ನ ಅಭಿಪ್ರಾಯ ಕೇಳಿದ್ದರೆ, ಕೇಳಿಲ್ಲ ನಿಜ, ಆದರೂ ಹೇಳುತ್ತೇನೆ. ಸೊನ್ನೆ ಹೆಜ್ಜೆ ನನಗೆ ಇಷ್ಟವಾದ ನಿಯಮ. ಓಡುತ್ತಿರುವ ದೇಹಕ್ಕೆ ಚೆಂಡು ಬಂದು ಸೇರುವಾಗ ಕಾಲು ಎಲ್ಲೋ ಒಂದು ಕಡೆ ಇರಲೇಬೇಕಲ್ಲ. ಅದನ್ನು ಅಪರಾಧದ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ. ಹಳಬರು ಒಪ್ಪುವುದಿಲ್ಲ. ‘ಇನ್ನೇನು, ಹ್ಯಾಂಡ್‌ಬಾಲ್ ಆಡಿ’ ಎನ್ನುತ್ತಾರೆ; ಆ ಆಟದಲ್ಲಿ ಚೆಂಡು ಹಿಡಿದು ಮೂರು ಹೆಜ್ಜೆ ಹಾಕಬಹುದು. ದಾಳಿ ಮಾಡುವವನಿಗೆ ಎಲ್ಲವನ್ನೂ ಕೊಟ್ಟು ತಡೆಯುವವನ ಕೈ ಕಟ್ಟಿದ್ದಾರೆ ಎಂಬುದು ಅವರ ದೂರು, ಅದರಲ್ಲಿ ಹುರುಳಿದೆ. ಚೆಂಡನ್ನು ತಟ್ಟೆಯ ಮೇಲಿಟ್ಟಂತೆ ಅಂಗೈಯಲ್ಲಿ ಹೊತ್ತು, ‘ಇನ್ನೂ ಹಿಡಿದಿಲ್ಲ’ ಎಂದು ನಟಿಸುತ್ತ ಒಂದು ಹೆಜ್ಜೆ ಕದಿಯುವ ಆಟಗಾರರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಆದರೆ ಫಿಬಾ ಪ್ರಕಾರ ಚೆಂಡು ಒಂದು ಕೈಯಲ್ಲಿ ತಂಗಿದರೂ ಡ್ರಿಬಲ್ ಮುಗಿಯಿತು. ಎರಡೂ ಕೈ ಬರುವವರೆಗೆ ಕಾಯಬೇಕಿಲ್ಲ. ಇದನ್ನು ಮಗಳಿಗೆ ಹೇಳಿ, ನೀವೂ ನೆನಪಿಡಿ. ಏಕೆಂದರೆ ನಿಮ್ಮ ವಿಡಿಯೊದ ತೀರ್ಪು ಇದರ ಮೇಲೆಯೇ ನಿಂತಿದೆ.

ವಿಡಿಯೊ ಈಗ ಮತ್ತೆ ತೆಗೆಯಿರಿ. ಹೆಜ್ಜೆ ಎಣಿಸಬೇಡಿ. ಮೊಬೈಲ್ ವಿಡಿಯೊದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ಇರುತ್ತವೆ, ಒಂದೊಂದಾಗಿ ಸರಿಸುತ್ತ ಹೋಗಿ. ಕೊನೆಯ ಸಲ ಪುಟಿದ ಚೆಂಡು ಅವಳ ಅಂಗೈಯಲ್ಲಿ ತಂಗಿದ ಚಿತ್ರದಲ್ಲಿ ನಿಲ್ಲಿಸಿ. ಆಮೇಲೆ ಕಣ್ಣು ಕೆಳಗಿಳಿಸಿ ಆ ಎಡಗಾಲನ್ನು ನೋಡಿ. ನೆಲದಲ್ಲಿದ್ದರೆ ಅವಳು ಗೆದ್ದಳು. ಗಾಳಿಯಲ್ಲಿದ್ದರೆ ರೆಫ್ರಿ ಗೆದ್ದರು. ಒಂದು ಚಿತ್ರದಲ್ಲಿ ಗಾಳಿಯಲ್ಲಿದ್ದು ಮುಂದಿನದರಲ್ಲಿ ನೆಲದಲ್ಲಿದ್ದು, ಚೆಂಡು ತಂಗಿದ್ದು ಎರಡರ ನಡುವೆ ಎಲ್ಲೋ ಎಂದಾದರೆ, ಮಗಳ ಮಾತನ್ನೇ ಒಪ್ಪಿಕೊಂಡುಬಿಡಿ. ಅಂಕ ಹೇಗೂ ವಾಪಸು ಬರುವುದಿಲ್ಲ, ಊಟದ ಹೊತ್ತಿಗೆ ಮನೆ ತಣ್ಣಗಿರುತ್ತದೆ.